‘ಸರ್ವರ್ ಇಲ್ಲ’ ಎಂದರೆ ಏನರ್ಥ? ಗಡಿ ತಾಲ್ಲೂಕಿನ ಕಚೇರಿಗಳ ಜಾಲ ಸಂಪರ್ಕದ ಒಳನೋಟ

ಚಿಕ್ಕೋಡಿ: ಪಹಣಿಗಾಗಿ ಬಸ್ಸು ಹಿಡಿದು ಬಂದ ರೈತನೂ, ಜಾತಿ–ಆದಾಯ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತ ವಿದ್ಯಾರ್ಥಿಯೂ ಕಚೇರಿಯ ಕಿಟಕಿಯಲ್ಲಿ ಕೇಳುವ ಮಾತು ಹಲವು ಬಾರಿ ಒಂದೇ ಆಗಿರುತ್ತದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಇದರಿಂದ ರೈತನ ಒಂದು ದಿನದ ದುಡಿಮೆ ವ್ಯರ್ಥವಾಗುತ್ತದೆ. ವಿದ್ಯಾರ್ಥಿಗೆ ಅರ್ಜಿಯ ಕೊನೆಯ ದಿನವೇ ತಪ್ಪಬಹುದು. ಆದರೆ ಈ ಸರ್ವರ್ ಎಲ್ಲಿದೆ, ಅದರ ಸಂಪರ್ಕ ಕಡಿದದ್ದು ಎಲ್ಲಿ ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ತಾಲ್ಲೂಕಿನಿಂದ ರಾಜಧಾನಿಗೆ

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಗಣಕಯಂತ್ರದಲ್ಲೇ ಇರುತ್ತಿತ್ತು. ಅನಂತರ ದತ್ತಾಂಶವನ್ನು ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. ಇದರಿಂದ ಯಾವುದೇ ಊರಿನಿಂದ ದಾಖಲೆ ಪಡೆಯುವುದು ಸಾಧ್ಯವಾಯಿತಾದರೂ, ಐನೂರು ಕಿ.ಮೀ.ಗೂ ಹೆಚ್ಚು ದೂರದ ತಂತಿಯೊಂದರ ಮೇಲೆ ಕಚೇರಿಯ ದೈನಂದಿನ ಕೆಲಸ ಅವಲಂಬಿಸುವಂತಾಯಿತು.

ಈ ಕೊಂಡಿಯೇ ‘ಕೆಸ್ವಾನ್’, ಅಂದರೆ ರಾಜ್ಯ ಸರ್ಕಾರದ ಸ್ವಂತ ಜಾಲ. ಇಂತಹ ಜಾಲಗಳಿಗಾಗಿ ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ 3,334 ಕೋಟಿ ರೂ. ವೆಚ್ಚದ ಯೋಜನೆಗೆ ಅನುಮೋದನೆ ನೀಡಿತು. ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ವೇಗದ ಸಂಪರ್ಕ ಕಲ್ಪಿಸುವುದು ಅದರ ಉದ್ದೇಶವಾಗಿತ್ತು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಹೊಸ ತಾಲ್ಲೂಕು ಎಂದರೆ ಹೊಸ ನಾಮಫಲಕ ಮತ್ತು ತಹಶೀಲ್ದಾರರ ಕುರ್ಚಿ ಮಾತ್ರವಲ್ಲ, ಈ ಜಾಲಕ್ಕೊಂದು ಹೊಸ ತುದಿಯೂ ಹೌದು.

ಮುದ್ರೆಯೊತ್ತಿದ ಅಂಚೆ ಚೀಲ

ಸರ್ಕಾರವಾದರೆ ಪ್ರತ್ಯೇಕ ಮಾರ್ಗವನ್ನೇ ಬಾಡಿಗೆಗೆ ಪಡೆಯಬಲ್ಲದು. ನಿಪ್ಪಾಣಿಯಲ್ಲಿ ಪ್ರಧಾನ ಕಚೇರಿ, ರಾಯಬಾಗದಲ್ಲಿ ಮೂರು ಮೇಜಿನ ಶಾಖೆ ಇರುವ ಪತ್ತಿನ ಸಹಕಾರ ಸಂಘಕ್ಕೆ ಆ ವೆಚ್ಚ ಭಾರವಾಗುತ್ತದೆ. ಅಂಥವರಿಗೆ ನೆರವಾಗುವುದು ‘ವಿಪಿಎನ್’ ಎಂಬ ವ್ಯವಸ್ಥೆ.

ಅಂತರಜಾಲವನ್ನು ಸಾರ್ವಜನಿಕ ಬಸ್ಸು ಎಂದು ಭಾವಿಸಿದರೆ, ವಿಪಿಎನ್ ಅದರಲ್ಲಿ ಸಾಗುವ ಅರಗಿನ ಮುದ್ರೆಯೊತ್ತಿದ ಅಂಚೆ ಚೀಲ. ಬಸ್ಸಿನಲ್ಲಿ ಯಾರೇ ಇರಲಿ, ಚೀಲದೊಳಗಿನ ಪತ್ರ ಓದಲಾಗದು. ಶಾಖೆಯ ರೂಟರ್ ಮಾಹಿತಿಯನ್ನು ಗೂಢಲಿಪಿಯಾಗಿಸಿ ಕಳುಹಿಸುತ್ತದೆ. ಪ್ರಧಾನ ಕಚೇರಿಯ ರೂಟರ್ ಅದನ್ನು ಬಿಡಿಸಿ ಒಳಗೆ ಬಿಡುತ್ತದೆ. ಇದಕ್ಕೆ ಪ್ರಧಾನ ಕಚೇರಿಗೆ ಬದಲಾಗದ ಅಂತರಜಾಲ ವಿಳಾಸವೊಂದಿದ್ದರೆ ಅನುಕೂಲ. ಎರಡೂ ಕಚೇರಿಗಳ ಒಳಜಾಲದ ಸಂಖ್ಯೆಗಳು ಬೇರೆ ಬೇರೆಯಾಗಿರಬೇಕು. ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವನು ದಾರಿ ತಪ್ಪುವಂತೆ, ಇಲ್ಲಿಯೂ ಮಾಹಿತಿ ದಾರಿ ತಪ್ಪುತ್ತದೆ.

ಶಾಖೆಯಲ್ಲಿ ಕೆಲಸ ನಿಧಾನವಾದರೆ ಅಲ್ಲಿನ ಸಂಪರ್ಕವನ್ನೇ ದೂರುವುದು ವಾಡಿಕೆ. ಆದರೆ ಲೆಕ್ಕಪತ್ರ ಹೊರಡುವುದು ಪ್ರಧಾನ ಕಚೇರಿಯಿಂದ. ಆದ್ದರಿಂದ ಅಲ್ಲಿಂದ ಹೊರಹೋಗುವ ವೇಗವನ್ನು ಮೊದಲು ಪರೀಕ್ಷಿಸುವುದು ಸೂಕ್ತ.

ಸಹಕಾರ ಕ್ಷೇತ್ರದಲ್ಲಿ ಈ ವಿಷಯಕ್ಕೆ ಈಗ ಮಹತ್ವ ಹೆಚ್ಚಿದೆ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಿ ಜಿಲ್ಲಾ ಹಾಗೂ ರಾಜ್ಯ ಸಹಕಾರ ಬ್ಯಾಂಕುಗಳೊಂದಿಗೆ ಜೋಡಿಸುವ 2,516 ಕೋಟಿ ರೂ. ಯೋಜನೆಗೆ ಕೇಂದ್ರವು 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ತೆರೆದ ಬಾಗಿಲ ಅಪಾಯ

ಖರ್ಚು ಉಳಿಸಲು ಕೆಲವೆಡೆ ವಿಪಿಎನ್ ಇಲ್ಲದೆ, ಪ್ರಧಾನ ಕಚೇರಿಯ ಗಣಕಯಂತ್ರವನ್ನು ದೂರದಿಂದ ನಡೆಸುವ ಸೌಲಭ್ಯವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಲಾಗುತ್ತದೆ. ಇದು ತಿಜೋರಿಯ ಕೋಣೆಗೆ ಬೀದಿಬಾಗಿಲು ಇಟ್ಟಂತೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸುಲಿಗೆಕೋರರು ಹುಡುಕುವುದು ಇಂತಹ ಬಾಗಿಲುಗಳನ್ನೇ. ಪ್ರತಿ ನೌಕರನಿಗೆ ಪ್ರತ್ಯೇಕ ಗುಪ್ತಪದ, ಜೊತೆಗೆ ಮೊಬೈಲ್‌ಗೆ ಬರುವ ಎರಡನೆಯ ಸಂಕೇತ, ಕೆಲಸ ಬಿಟ್ಟವರ ಪ್ರವೇಶ ಅಂದೇ ರದ್ದು: ಇವು ಕನಿಷ್ಠ ಎಚ್ಚರಿಕೆಗಳು.

ನದಿಯ ನಾಡು, ಎರಡನೆಯ ದಾರಿ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆಯಲ್ಲಿ ಮತ್ತೊಂದು ಸಮಸ್ಯೆಯಿದೆ. ಆಪ್ಟಿಕಲ್ ಕೇಬಲ್ ಸಾಮಾನ್ಯವಾಗಿ ರಸ್ತೆ, ಸೇತುವೆಗಳ ಗುಂಟ ಸಾಗುತ್ತದೆ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಇಲ್ಲಿನ ಐದೂ ತಾಲ್ಲೂಕುಗಳು ತತ್ತರಿಸಿದ್ದವು. ಹಲವು ಸೇತುವೆಗಳು ಮುಳುಗಿದ್ದವು. ಪರಿಹಾರಕ್ಕೆ ದಾಖಲೆ ಅತ್ಯಗತ್ಯವಾಗುವುದೂ ಅಂತಹ ದಿನಗಳಲ್ಲೇ.

ಆದ್ದರಿಂದ ಎರಡನೆಯ ಸಂಪರ್ಕವು ಬೇರೆ ಮಾರ್ಗದ್ದಾಗಿರಬೇಕು. ಒಂದೇ ಕಂಬದ ಮೇಲಿನ ಎರಡು ಕಂಪನಿಗಳ ಕೇಬಲ್‌ಗಳು ಒಟ್ಟಿಗೇ ಕಡಿಯುತ್ತವೆ. ಮೊಬೈಲ್ ಸಿಮ್ ಅಳವಡಿಸಿದ ರೂಟರ್ ಅಗ್ಗದ ಪರ್ಯಾಯ. ಆದರೆ ಸಿಗ್ನಲ್ ಅನ್ನು ಅಂಗಳದಲ್ಲಲ್ಲ, ರೂಟರ್ ಇಡುವ ಕೋಣೆಯಲ್ಲೇ ಪರೀಕ್ಷಿಸಬೇಕು. ಯುಪಿಎಸ್ ಗಣಕಯಂತ್ರಕ್ಕಷ್ಟೇ ಅಲ್ಲದೆ ರೂಟರ್‌ಗೂ ಇರಬೇಕು. ಇಲ್ಲವಾದರೆ ವಿದ್ಯುತ್ ಹೋದಾಗ ಪರದೆ ಬೆಳಗುತ್ತದೆ, ಜಾಲ ಮಾತ್ರ ಇರುವುದಿಲ್ಲ.

ನಾಗರಿಕರು ಏನು ಕೇಳಬೇಕು?

ಮುಂದಿನ ಬಾರಿ ‘ಸರ್ವರ್ ಇಲ್ಲ’ ಎಂದಾಗ, ಪಕ್ಕದ ತಾಲ್ಲೂಕಿನಲ್ಲೋ ಸಮೀಪದ ಗ್ರಾಮ ಒನ್ ಕೇಂದ್ರದಲ್ಲೋ ಕೆಲಸ ನಡೆಯುತ್ತಿದೆಯೇ ಎಂದು ವಿಚಾರಿಸಬಹುದು. ಅಲ್ಲಿ ನಡೆಯುತ್ತಿದ್ದರೆ ಬೆಂಗಳೂರಿನ ಸರ್ವರ್ ಸರಿಯಿದ್ದು, ತೊಂದರೆ ಈ ಕಚೇರಿಯ ಕೊಂಡಿಯಲ್ಲೋ ವಿದ್ಯುತ್ತಿನಲ್ಲೋ ಇರುವ ಸಂಭವವೇ ಹೆಚ್ಚು. ಆಗ ಪಹಣಿಯಂತಹ ದಾಖಲೆಯನ್ನು ಅಲ್ಲಿಯೇ ಪಡೆಯಬಹುದು. ಎಲ್ಲಿಯೂ ನಡೆಯದಿದ್ದರೆ ಮಾತ್ರ ಕಾಯುವುದು ಅನಿವಾರ್ಯ. ಇಷ್ಟು ತಿಳಿದಿದ್ದರೆ ‘ನಾಳೆ ಬನ್ನಿ’ ಎಂಬ ಮಾತಿಗೆ ಎದುರು ಪ್ರಶ್ನೆ ಕೇಳಲು ಸಾಮಾನ್ಯ ನಾಗರಿಕನಿಗೂ ಸಾಧ್ಯವಾಗುತ್ತದೆ.