ಕರ್ಸರಿನ ಸ್ಥಾನಪಲ್ಲಟ ಮತ್ತು ಟ್ರ್ಯಾಕ್‌ಪ್ಯಾಡಿನ ಪರೀಕ್ಷೆ

ಹಸ್ತಪ್ರತಿಯೊಂದರ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ನಕಲು ಮಾಡುತ್ತಿದ್ದ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬರ ಕಡತವನ್ನು ಮೂಲದೊಡನೆ ಹೋಲಿಸಿ ನೋಡುತ್ತಿದ್ದಾಗ, ಕಂದಪದ್ಯವೊಂದರ ಎರಡನೆಯ ಪಾದದ ನಡುವೆ ಸಂಬಂಧವಿಲ್ಲದ ನಾಲ್ಕಕ್ಷರಗಳು ಸೇರಿಕೊಂಡಿದ್ದುದು ನಮ್ಮ ಗಮನಕ್ಕೆ ಬಂದಿತು. ಮಾತ್ರೆಗಳ ಲೆಕ್ಕ ತಪ್ಪಿದ್ದುದರಿಂದಲೇ ಅದು ಸಿಕ್ಕಿತು; ಗದ್ಯಭಾಗವಾಗಿದ್ದರೆ ಬಹುಶಃ ಹಾಗೆಯೇ ಉಳಿದುಬಿಡುತ್ತಿತ್ತು. ಆ ಅಕ್ಷರಗಳು ಮೂಲದಲ್ಲಿ ಹತ್ತು ಸಾಲುಗಳ ಕೆಳಗೆ, ಬೇರೊಂದು ಪದ್ಯದಲ್ಲಿದ್ದವು. ಗ್ರಂಥಸಂಪಾದನೆಯಲ್ಲಿ ಪಳಗಿದವರು ಇಂತಹುದನ್ನು ಕಂಡೊಡನೆ ಲಿಪಿಕಾರನ ಕಣ್ತಪ್ಪೆಂದೋ ಪ್ರಕ್ಷೇಪವೆಂದೋ ಕಾರಣವನ್ನು ಹುಡುಕತೊಡಗುವರು. ಇಲ್ಲಿ ಅದಾವುದೂ ಅಲ್ಲ. ಟೈಪು ಮಾಡುತ್ತಿರುವಾಗಲೇ ಕರ್ಸರು ಮೇಲಿನ ಪದ್ಯಕ್ಕೆ ನೆಗೆದಿತ್ತು. ಕಣ್ಣು ಮೂಲದ ಮೇಲಿದ್ದುದರಿಂದ ವಿದ್ಯಾರ್ಥಿಗೆ ಅದು ತಿಳಿಯಲಿಲ್ಲ.

ಈ ತೊಂದರೆ ಲ್ಯಾಪ್‌ಟಾಪನ್ನು ಬಳಸುವ ಬಹುಮಂದಿಗೆ ಪರಿಚಿತವಾದುದೇ. ಯಂತ್ರ ಕೆಟ್ಟಿತೆಂದು ದುರಸ್ತಿಯವರ ಬಳಿಗೆ ಒಯ್ಯುವುದು, ಅಲ್ಲಿ ಅದು ಸಾಧುವಾಗಿ ವರ್ತಿಸುವುದು, ಮನೆಗೆ ತಂದ ಮೇಲೆ ಮತ್ತೆ ಕರ್ಸರು ನೆಗೆಯುವುದು, ಇವೂ ಅಷ್ಟೇ ಪರಿಚಿತ. ಲಕ್ಷಣವು ಒಂದೇ ಆದರೂ ಕಾರಣಗಳು ಹಲವಿರುವುದರಿಂದ ಹೀಗಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಒಂದು ಮಾತ್ರ ಅಪಾಯಕಾರಿ. ಆ ಕಾರಣಗಳನ್ನು ಒಂದರಿಂದೊಂದನ್ನು ಬೇರ್ಪಡಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸುತ್ತೇವೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕರ್ಸರೆಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಬೆರಳು ಟ್ರ್ಯಾಕ್‌ಪ್ಯಾಡಿನ ಮೇಲೆ ಜಾರಿದಂತೆ ಪರದೆಯ ಮೇಲೆ ಓಡಾಡುವ ಬಾಣವು ಒಂದು. ಮುಂದಿನ ಅಕ್ಷರವು ಎಲ್ಲಿ ಮೂಡುವುದೆಂಬುದನ್ನು ತೋರಿಸುತ್ತ ಮಿನುಗುವ ಗೀಟು ಇನ್ನೊಂದು. ಬಾಣವು ಎಷ್ಟು ಅಲೆದಾಡಿದರೂ ಬರೆಹಕ್ಕೆ ಹಾನಿಯಿಲ್ಲ. ಬಾಣವಿರುವ ಎಡೆಯಲ್ಲಿ ಕ್ಲಿಕ್ ಆದಾಗ ಮಾತ್ರ ಗೀಟು ಅಲ್ಲಿಗೆ ಹೋಗುತ್ತದೆ. ಆದುದರಿಂದ ಗೀಟು ನೆಗೆಯಿತೆಂದರೆ, ನಾವು ಮಾಡದ ಕ್ಲಿಕ್ಕೊಂದನ್ನು ಯಂತ್ರವು ಮಾಡಿದೆಯೆಂದು ತಿಳಿಯುವುದು ಸಾಮಾನ್ಯವಾಗಿ ಸರಿ. ಅದು ನೆಗೆದು ನಿಂತ ಸ್ಥಳವೇ ಕಾರಣದ ಮೊದಲ ಸಾಕ್ಷಿ. ಗೀಟು ಪ್ರತಿ ಸಲವೂ ಬಾಣ ನಿಂತಿದ್ದ ಕಡೆಗೇ ಹೋದರೆ ಅದು ಕ್ಲಿಕ್ಕಿನ ಕೆಲಸ. ಸಾಲಿನ ಆದಿಗೋ ಅಂತ್ಯಕ್ಕೋ ಹೋದರೆ ಕೀಲಿಮಣೆಯ ‘ಹೋಮ್’ ಅಥವಾ ‘ಎಂಡ್’ ಕೀಲಿಗೆ ಬೆರಳು ತಗುಲಿರುವುದು ಹೆಚ್ಚು ಸಂಭವ. ಅನೇಕ ಯಂತ್ರಗಳಲ್ಲಿ ಟೈಪು ಮಾಡುವಾಗ ಬಾಣವು ಮರೆಯಾಗುವುದರಿಂದ ಈ ಸಾಕ್ಷಿ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಬಾಣವು ಕಾಣದಿದ್ದರೂ ತನ್ನ ಸ್ಥಳದಲ್ಲಿ ಇದ್ದೇ ಇರುತ್ತದೆ.

ಟ್ರ್ಯಾಕ್‌ಪ್ಯಾಡು ಅಂಗೈಯ ಕೆಳಗೇ ಏಕೆ ಬಂದಿತೆಂಬುದಕ್ಕೆ ಸ್ವಲ್ಪ ಇತಿಹಾಸವುಂಟು. ಆರಂಭದ ಲ್ಯಾಪ್‌ಟಾಪುಗಳಲ್ಲಿ ಕೀಲಿಮಣೆಯು ಬಳಸುವವನ ಕಡೆಯ ಅಂಚಿಗೆ ಹತ್ತಿಕೊಂಡಿರುವುದು ಸಾಮಾನ್ಯವಾಗಿತ್ತು. 1991ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆಯು ಹೊರತಂದ ಪವರ್‌ಬುಕ್ ಯಂತ್ರಗಳಲ್ಲಿ ಕೀಲಿಮಣೆಯನ್ನು ಪರದೆಯ ಕಡೆಗೆ ಹಿಂದೆ ಸರಿಸಿ, ಮುಂದೆ ಉಳಿದ ಜಾಗವನ್ನು ಅಂಗೈ ಊರುವುದಕ್ಕೆ ಬಿಟ್ಟು, ಅದರ ನಡುವೆ ಉರುಳುವ ಚೆಂಡೊಂದನ್ನು ಇರಿಸಿದರು. 1994ರಲ್ಲಿ ಬಂದ ಪವರ್‌ಬುಕ್ 500 ಶ್ರೇಣಿಯಲ್ಲಿ ಚೆಂಡಿನ ಸ್ಥಳವನ್ನು ಟ್ರ್ಯಾಕ್‌ಪ್ಯಾಡು ಆಕ್ರಮಿಸಿತು. ಚೆಂಡನ್ನು ಅಂಗೈ ತಾಕಿದರೆ ಬಾಣವು ಕೊಂಚ ಅಲುಗುತ್ತಿತ್ತೇ ಹೊರತು ಕ್ಲಿಕ್ ಆಗುತ್ತಿರಲಿಲ್ಲ. ಪ್ಯಾಡನ್ನು ಮೃದುವಾಗಿ ತಟ್ಟಿದರೂ ಕ್ಲಿಕ್ ಆಗುವ ಸೌಕರ್ಯವು ರೂಢಿಗೆ ಬಂದ ಮೇಲೆ ಈ ರಕ್ಷಣೆ ಹೋಯಿತು. ಅನಂತರದ ವರ್ಷಗಳಲ್ಲಿ ಪ್ಯಾಡಿನ ವಿಸ್ತಾರವೂ ಬೆಳೆಯುತ್ತ ಬಂದಿದೆ. ಅಂಗೈಗೆಂದು ಬಿಟ್ಟ ಜಾಗವನ್ನೇ ಕ್ಲಿಕ್ಕಿಗೂ ಕೊಟ್ಟುದು ನಮ್ಮ ದೃಷ್ಟಿಯಲ್ಲಿ ಈ ತೊಂದರೆಯ ಬೇರು.

ಪ್ಯಾಡಿನ ನುಣುಪಾದ ಮೇಲ್ಮೈಯ ಕೆಳಗೆ ಅಡ್ಡಸಾಲು ಕಂಬಸಾಲುಗಳಾಗಿ ಹರಡಿದ ವಾಹಕಗಳ ಜಾಲವೊಂದಿದೆ. ಅಡ್ಡಸಾಲೊಂದು ಕಂಬಸಾಲನ್ನು ದಾಟುವ ಪ್ರತಿಯೊಂದು ಸಂಧಿಯೂ ಒಂದು ಪುಟ್ಟ ವಿದ್ಯುತ್ ಧಾರಕ. ಮಾನವದೇಹವು ವಾಹಕವಾದುದರಿಂದ ಬೆರಳು ಸಮೀಪಿಸಿದಾಗ ಆ ಎಡೆಯ ವಿದ್ಯುತ್ ಕ್ಷೇತ್ರದ ಒಂದಂಶವು ಬೆರಳಿನ ಕಡೆಗೆ ತಿರುಗಿ, ಅಲ್ಲಿಯ ಧಾರಕತ್ವವು ಬದಲಾಗುತ್ತದೆ. ಬದಲಾವಣೆಯು ಒಂದು ಪಿಕೋಫ್ಯಾರಡಿನ ಅಲ್ಪಭಾಗದಷ್ಟು, ಅತಿ ಸೂಕ್ಷ್ಮವಾದುದು. ಯಂತ್ರವು ಇಡೀ ಜಾಲವನ್ನು ಸೆಕೆಂಡಿಗೆ ಹಲವು ಹತ್ತು ಬಾರಿ ಅಳೆದು, ಬದಲಾವಣೆಯಾದ ಸಂಧಿಗಳಿಂದ ಬೆರಳಿನ ಸ್ಥಾನವನ್ನು ಗಣಿಸುತ್ತದೆ. ಬೆರಳೆಂಬುದೊಂದು ವಸ್ತುವಿದೆಯೆಂದು ಅದಕ್ಕೆ ಗೊತ್ತಿಲ್ಲ. ಅದು ಬಲ್ಲದ್ದು ಸಂಖ್ಯೆಗಳನ್ನು ಮಾತ್ರ. ಆ ಸಂಖ್ಯೆಗಳನ್ನು ಅಂಗೈಯೂ ಬದಲಿಸಬಲ್ಲುದು, ನೀರಿನ ಹನಿಯೂ ಬದಲಿಸಬಲ್ಲುದು, ಚಾರ್ಜರಿನಿಂದ ಬರುವ ವಿದ್ಯುತ್ ಕ್ಷೋಭೆಯೂ ಬದಲಿಸಬಲ್ಲುದು.

ಅಂಗೈಯನ್ನು ಬೆರಳಿನಿಂದ ಬೇರೆಯಾಗಿ ಗುರುತಿಸುವ ಉಪಾಯಗಳು ಇಲ್ಲದಿಲ್ಲ. ಸ್ಪರ್ಶದ ವಿಸ್ತಾರ ದೊಡ್ಡದಾಗಿದ್ದರೆ ಅಥವಾ ಅದು ಪ್ಯಾಡಿನ ಅಂಚಿನಲ್ಲಿ ತೊಡಗಿದ್ದರೆ ಅದನ್ನು ಅಂಗೈಯೆಂದು ಬಗೆದು ತಳ್ಳಿಹಾಕುತ್ತಾರೆ. ಟೈಪು ನಡೆದಿರುವಷ್ಟು ಹೊತ್ತು ಪ್ಯಾಡನ್ನು ಕಿವುಡಾಗಿಸುವ ಕ್ರಮವೂ ಉಂಟು. ಲಿನಕ್ಸಿನ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶದಲ್ಲಿ ಈ ಕಿವುಡುತನವು ಒಂಟಿ ಕೀಲಿಯ ಅನಂತರ ಸುಮಾರು 200 ಮಿಲಿಸೆಕೆಂಡು, ಎಡೆಬಿಡದೆ ಟೈಪು ಮಾಡಿದ ಅನಂತರ ಸುಮಾರು 500 ಮಿಲಿಸೆಕೆಂಡುಗಳಷ್ಟಿರುತ್ತದೆ. ಇದರ ಮಿತಿಯನ್ನು ಗಮನಿಸಬೇಕು. ಸತತವಾಗಿ ಟೈಪು ಮಾಡುವವನಿಗೆ ಅರ್ಧ ಸೆಕೆಂಡು ಸಾಕು. ಹಸ್ತಪ್ರತಿಯ ಮಸುಕಾದ ಅಕ್ಷರವನ್ನು ದಿಟ್ಟಿಸುತ್ತ, ಕೈಯನ್ನು ಕೀಲಿಮಣೆಯ ಮೇಲೆಯೇ ಇಟ್ಟುಕೊಂಡು ಎರಡು ಸೆಕೆಂಡು ಯೋಚಿಸುವವನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಕನ್ನಡವನ್ನು ಟೈಪು ಮಾಡುವಾಗ ಇನ್ನೊಂದು ಅಂಶವೂ ಸೇರುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೂ ದೀರ್ಘಸ್ವರಗಳಿಗೂ ‘ಶಿಫ್ಟ್’ ಕೀಲಿಯನ್ನು ಒತ್ತಬೇಕು. ಕಿರುಬೆರಳು ಆ ಮೂಲೆಗೆ ಚಾಚಿದಾಗಲೆಲ್ಲ ಮಣಿಕಟ್ಟು ತಿರುಗಿ, ಹೆಬ್ಬೆರಳಿನ ಬುಡವು ಪ್ಯಾಡಿನ ಕಡೆಗೆ ಇಳಿಯುವುದನ್ನು ಯಾರೂ ತಮ್ಮ ಕೈಯಲ್ಲೇ ನೋಡಿಕೊಳ್ಳಬಹುದು.

ಇನ್ನು ಪರೀಕ್ಷೆಯ ಮಾತು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕೆಂಬುದು ಎಲ್ಲರೂ ಒಪ್ಪಿ ಯಾರೂ ಪಾಲಿಸದ ನಿಯಮ. ಮೊದಲು ಪ್ಯಾಡನ್ನು ಸೆಟ್ಟಿಂಗ್ಸಿನಲ್ಲಿ ಪೂರ್ತಿಯಾಗಿ ಆರಿಸಿ, ಮೌಸೊಂದನ್ನು ಜೋಡಿಸಿ ಕೆಲಸ ಮಾಡಿ ನೋಡುವುದು. ಆಗಲೂ ಗೀಟು ನೆಗೆದರೆ ಪ್ಯಾಡು ನಿರಪರಾಧಿ. ಸ್ಪರ್ಶಪರದೆಯಿದ್ದರೆ ಅದನ್ನು ಸಂಶಯಿಸಬೇಕು. ಅಥವಾ ಹಿಂದೆಂದೋ ಜೋಡಿಸಿದ ನಿಸ್ತಂತು ಮೌಸು ಚೀಲದಲ್ಲಿ ಪುಸ್ತಕಗಳ ನಡುವೆ ಸಿಕ್ಕಿ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿರಬಹುದು. (ನಗುವ ವಿಷಯವೆಂದು ತೋರಿದರೂ ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.) ನೆಗೆತವು ನಿಂತರೆ ಪ್ಯಾಡನ್ನು ಮರಳಿ ಹೊತ್ತಿಸಿ, ಅದರ ಮೇಲೆ ಮೂರು ನಾಲ್ಕು ಮಿಲಿಮೀಟರು ದಪ್ಪದ ಒಣ ರಟ್ಟೊಂದನ್ನು ಹಾಸುವುದು. ರಟ್ಟು ಪ್ಯಾಡಿಗಿಂತ ಅಗಲವಾಗಿದ್ದು ಎರಡು ಪಕ್ಕಗಳಲ್ಲಿಯೂ ಚೌಕಟ್ಟಿನ ಮೇಲೆ ಕುಳಿತಿರಬೇಕು. ಇಲ್ಲವಾದರೆ ಕೈಯ ಭಾರವು ರಟ್ಟಿನ ಮೂಲಕ ಪ್ಯಾಡನ್ನು ಒತ್ತಿ, ಪರೀಕ್ಷೆಯೇ ಕೆಡುವುದು. ರಟ್ಟಿನ ಕೆಳಗಿದ್ದೂ ಪ್ಯಾಡು ಕ್ಲಿಕ್ ಮಾಡಿದರೆ ದೋಷವು ಯಂತ್ರದ ಒಳಗಿದೆ. ಮಾಡದಿದ್ದರೆ ಅಂಗೈಯೋ ವಿದ್ಯುತ್ ಕ್ಷೋಭೆಯೋ ಕಾರಣ. ಈ ಎರಡನ್ನು ಬೇರ್ಪಡಿಸಲು ರಟ್ಟನ್ನು ತೆಗೆದು, ಚಾರ್ಜರನ್ನು ಕಿತ್ತು, ಬ್ಯಾಟರಿಯ ಬಲದಿಂದಲೇ ಟೈಪು ಮಾಡಬೇಕು.

ಎಷ್ಟು ಹೊತ್ತು ಮಾಡಬೇಕು? ಬಹುಮಂದಿ ತಪ್ಪುವುದು ಇಲ್ಲಿಯೇ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಕಾಣಿಸುವ ದೋಷವು ಐದು ನಿಮಿಷ ಕಾಣಿಸಲಿಲ್ಲವೆಂದರೆ ಏನೂ ಸಿದ್ಧವಾಗಲಿಲ್ಲ. ದೋಷವು ಯಾದೃಚ್ಛಿಕವಾಗಿ ಬರುತ್ತದೆಂದು ಗ್ರಹಿಸಿದರೆ, ಕಾರಣವು ಹಾಗೆಯೇ ಉಳಿದಿದ್ದರೂ ಹತ್ತು ನಿಮಿಷಗಳ ಕಾಲ ಅದು ಬರದಿರುವ ಸಂಭಾವ್ಯತೆ ನೂರಕ್ಕೆ 37ರಷ್ಟು. ಮೂವತ್ತು ನಿಮಿಷಗಳಿಗೆ ಅದು ನೂರಕ್ಕೆ 5ಕ್ಕೆ ಇಳಿಯುತ್ತದೆ. ಆದುದರಿಂದ ಸರಾಸರಿ ಅಂತರದ ಮೂರರಷ್ಟು ಕಾಲವಾದರೂ ಪ್ರತಿಯೊಂದು ಪರೀಕ್ಷೆಯನ್ನು ನಡೆಸತಕ್ಕದ್ದು. ದುರಸ್ತಿಯವರ ಮೇಜಿನ ಮೇಲೆ ಯಂತ್ರವು ಸಾಧುವಾಗಿ ಕಂಡುದರ ರಹಸ್ಯವೂ ಬಹುಮಟ್ಟಿಗೆ ಇದೇ.

ಅಂಗೈಯೇ ಕಾರಣವೆಂದು ತಿಳಿದರೆ ಪರಿಹಾರ ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸಿನ ‘ಬ್ಲೂಟೂತ್ ಅಂಡ್ ಡಿವೈಸಸ್’ ವಿಭಾಗದಲ್ಲಿ ಟಚ್‌ಪ್ಯಾಡಿನ ಪುಟವನ್ನು ತೆರೆದು, ‘ಟ್ಯಾಪ್ಸ್’ ಎಂಬಲ್ಲಿ ಒಂದು ಬೆರಳಿನ ತಟ್ಟಿಗೆ ಕ್ಲಿಕ್ ಆಗುವುದನ್ನು ತೆಗೆದುಹಾಕಬಹುದು. ಅಲ್ಲಿಯೇ ಸೂಕ್ಷ್ಮತೆಯನ್ನು ಕಡಿಮೆ ಮಾಡುವ ಆಯ್ಕೆಯೂ ಇದೆ. ಮ್ಯಾಕ್ ಯಂತ್ರಗಳಲ್ಲಿಯೂ ಲಿನಕ್ಸಿನ ಗ್ನೋಮ್‌ನಲ್ಲಿಯೂ ‘ಟ್ಯಾಪ್ ಟು ಕ್ಲಿಕ್’ ಎಂಬುದು ಇದೇ. ಅನಂತರ ಕ್ಲಿಕ್ ಮಾಡಲು ಪ್ಯಾಡನ್ನು ನಿಜವಾಗಿಯೂ ಒತ್ತಬೇಕಾಗುತ್ತದೆ. ಒಂದೆರಡು ದಿನ ಇದು ಕಿರಿಕಿರಿಯೆನಿಸಬಹುದು. ಆದರೂ ದೀರ್ಘವಾದ ಬರೆಹದ ಕೆಲಸವಿರುವವರು ತಟ್ಟಿನ ಕ್ಲಿಕ್ಕನ್ನು ಸದಾ ಆರಿಸಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅದಕ್ಕೆ ಮನಸ್ಸಿಲ್ಲದವರು ಟೈಪಿಗೆ ತೊಡಗುವ ಮುನ್ನ ಬಾಣವನ್ನು ಪರದೆಯ ಅಂಚಿನ ಖಾಲಿ ಜಾಗಕ್ಕೆ ಅಟ್ಟಿಬಿಡಬೇಕು. ಆಗ ಅನಪೇಕ್ಷಿತವಾದ ಕ್ಲಿಕ್ಕು ಆದರೂ ಬರೆಹದ ನಡುವೆ ಬೀಳುವುದು ತೀರ ಕಡಿಮೆಯಾಗುತ್ತದೆ.

ಚಾರ್ಜರನ್ನು ಕಿತ್ತಾಗ ಮಾತ್ರ ತೊಂದರೆ ನಿಲ್ಲುವುದಾದರೆ ಭೂಸಂಪರ್ಕವನ್ನು ನೋಡಬೇಕು. ಚಾರ್ಜರಿನ ಒಳಗೆ, ಮುಖ್ಯವಿದ್ಯುತ್ತಿನ ಭಾಗಕ್ಕೂ ಯಂತ್ರಕ್ಕೆ ಹೋಗುವ ಭಾಗಕ್ಕೂ ನಡುವೆ ಸಣ್ಣ ಧಾರಕವೊಂದನ್ನು ಬೇಕೆಂದೇ ಜೋಡಿಸಿರುತ್ತಾರೆ. ಭೂಸಂಪರ್ಕವಿಲ್ಲದಿದ್ದಲ್ಲಿ ಇದರ ಮೂಲಕ ಲ್ಯಾಪ್‌ಟಾಪಿನ ಲೋಹದ ಮೈಯು 230 ವೋಲ್ಟಿನ ಸುಮಾರು ಅರ್ಧದಷ್ಟು ವಿಭವಕ್ಕೆ ಏರಬಹುದು. ಹರಿಯುವ ಪ್ರವಾಹವು ಒಂದು ಮಿಲಿಆಂಪಿಯರಿನ ಅಲ್ಪಭಾಗ ಮಾತ್ರವಾದುದರಿಂದ, ಚಾರ್ಜರು ಒಳ್ಳೆಯದಾಗಿದ್ದರೆ ಹಾನಿಯಿಲ್ಲ. ಬರಿಗಾಲಿನಲ್ಲಿ ಕುಳಿತು ಯಂತ್ರದ ಮೈಯನ್ನು ಸವರಿದಾಗ ಜುಮ್ಮೆನ್ನುವುದು ಇದರಿಂದಲೇ. ಈ ಪ್ರವಾಹದ ಜೊತೆಗೆ ಚಾರ್ಜರಿನ ಅಧಿಕ ಆವೃತ್ತಿಯ ಕ್ಷೋಭೆಯೂ ಬಳಸುವವನ ದೇಹದ ಮೂಲಕ ಪ್ಯಾಡನ್ನು ಸೇರಿ, ಇಲ್ಲದ ತಟ್ಟನ್ನು ಇದ್ದಂತೆ ತೋರಿಸುತ್ತದೆ. ಹಳೆಯ ಮನೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಮೂರು ರಂಧ್ರಗಳ ಸಾಕೆಟ್ಟಿದ್ದು ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದುಂಟು. ವೈರಿಂಗ್ ಬಲ್ಲವರಿಂದ ಅದನ್ನು ಪರೀಕ್ಷೆ ಮಾಡಿಸಬೇಕು. ಮೂರು ಕಡ್ಡಿಗಳ ಪ್ಲಗ್ಗನ್ನು ಎರಡು ಕಡ್ಡಿಗಳದಕ್ಕೆ ಇಳಿಸುವ ಅಡಾಪ್ಟರುಗಳನ್ನು ಬಳಸಕೂಡದು.

ರಟ್ಟಿನ ಕೆಳಗೂ ಪ್ಯಾಡು ಸುಮ್ಮನಿರದಿದ್ದರೆ, ತೇವವು ಒಂದು ಕಾರಣವಾಗಬಹುದು. ಯಂತ್ರವನ್ನು ಆರಿಸಿ, ಒಣ ಹತ್ತಿಬಟ್ಟೆಯಿಂದ ಪ್ಯಾಡನ್ನೂ ಅದರ ಅಂಚುಗಳನ್ನೂ ಒರಸಿ, ಒಣಗಲು ಬಿಟ್ಟು ನೋಡಬೇಕು. ಆದರೆ ಅದಕ್ಕಿಂತ ಮೊದಲೇ ಬ್ಯಾಟರಿಯ ಸ್ಥಿತಿಯನ್ನು ನೋಡುವುದು ಅವಶ್ಯ. ಅನೇಕ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯು ಪ್ಯಾಡಿನ ಕೆಳಗೆ ಅಥವಾ ಅದರ ಪಕ್ಕದಲ್ಲಿಯೇ ಇರುತ್ತದೆ. ಲಿಥಿಯಮ್ ಅಯಾನ್ ಕೋಶಗಳು ಹಳೆಯದಾದಾಗ, ವಿಶೇಷವಾಗಿ ಸೆಕೆಯಲ್ಲಿ ಸದಾ ಪೂರ್ತಿ ಚಾರ್ಜಿನಲ್ಲಿಯೇ ಇಟ್ಟಾಗ, ಒಳಗಿನ ದ್ರಾವಣವು ವಿಘಟನೆ ಹೊಂದಿ ಅನಿಲಗಳು ಹುಟ್ಟುತ್ತವೆ. ಕೋಶದ ತೆಳುವಾದ ಹೊದಿಕೆಯು ಹಪ್ಪಳದಂತೆ ಉಬ್ಬಿ, ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಯಾರೂ ಮುಟ್ಟದಿದ್ದರೂ ಕ್ಲಿಕ್ ಆಗುವುದು, ಪ್ಯಾಡಿನ ಒಂದು ಅಂಚು ಎದ್ದಿರುವುದು, ಒತ್ತಿದರೆ ಗಡುಸಾಗಿ ಕೆಳಗಿಳಿಯದಿರುವುದು, ಸಮವಾದ ಮೇಜಿನ ಮೇಲೆ ಯಂತ್ರವು ಅಲುಗಾಡುವುದು, ಮುಚ್ಚಳವು ಸರಿಯಾಗಿ ಕೂಡದಿರುವುದು ಇದರ ಚಿಹ್ನೆಗಳು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಪರೀಕ್ಷೆಗಳನ್ನು ಕೈಬಿಟ್ಟು, ಯಂತ್ರವನ್ನು ಆರಿಸಿ, ಚಾರ್ಜರನ್ನು ಕಿತ್ತು, ಸುಡುವ ವಸ್ತುಗಳಿಂದ ದೂರವಿರಿಸತಕ್ಕದ್ದು. ಪ್ಯಾಡನ್ನು ಅದುಮಿ ಸರಿಪಡಿಸಲು ಹೋಗುವುದು, ಉಬ್ಬನ್ನು ಸೂಜಿಯಿಂದ ಚುಚ್ಚುವುದು ಬೆಂಕಿಗೆ ಆಹ್ವಾನ. ಬ್ಯಾಟರಿಯನ್ನು ತಿಳಿದವರಿಂದಲೇ ಬದಲಿಸಬೇಕು. ಹಳೆಯದನ್ನು ಕಸದ ಬುಟ್ಟಿಗೆ ಹಾಕಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಇರಿಸಿವೆ.

ಕನ್ನಡದಲ್ಲಿ ಕಾಣುವ ಒಂದು ಭ್ರಮೆಯನ್ನೂ ಇಲ್ಲಿ ಹೇಳಬೇಕು. ‘ತರ್ಕ’ ಎಂದು ಬರೆಯುವಾಗ ‘ರ್’ ಮೊದಲು ಮೂಡುತ್ತದೆ. ‘ಕ’ ಒತ್ತಿದೊಡನೆ ಅದು ಅರ್ಕಾವತ್ತಾಗಿ ‘ಕ’ದ ಬಲಕ್ಕೆ ಸರಿಯುತ್ತದೆ. ಹೊಸಬರಿಗೆ ಇದು ಕರ್ಸರಿನ ನೆಗೆತವೆಂದು ತೋರಬಹುದು. ಇದು ಲಿಪಿಯ ಧರ್ಮ, ಪ್ಯಾಡಿಗೆ ಸಂಬಂಧಿಸಿದುದಲ್ಲ.

ಯಂತ್ರ ಸರಿಹೋದ ಮೇಲೂ ಆ ಕಾಲದಲ್ಲಿ ಟೈಪು ಮಾಡಿದ ಕಡತದ ಪ್ರಶ್ನೆ ಉಳಿಯುತ್ತದೆ. ಅದರಲ್ಲಿ ಸೇರಿರಬಹುದಾದ ತಪ್ಪುಗಳು ಎರಡು ಬಗೆಯವು. ಒಂದೆಡೆಯ ಅಕ್ಷರಗಳು ಇನ್ನೊಂದೆಡೆ ಸೇರಿರುವುದು ಮೊದಲನೆಯದು. ಇದರಲ್ಲಿ ಏನೂ ಕಳೆದುಹೋಗಿರುವುದಿಲ್ಲ. ಎರಡನೆಯದು ಹೆಚ್ಚು ಕೆಟ್ಟದ್ದು. ಅಂಗೈ ಒಮ್ಮೆ ತಟ್ಟಿ, ಕೂಡಲೇ ಮತ್ತೆ ತಗುಲಿ ಜಾರಿದರೆ ಯಂತ್ರವು ಅದನ್ನು ಪಾಠದ ಆಯ್ಕೆಯೆಂದು ಭಾವಿಸುತ್ತದೆ. ಮುಂದಿನ ಕೀಲಿಯನ್ನು ಒತ್ತಿದೊಡನೆ ಆಯ್ಕೆಯಾದ ಸಾಲುಗಳು ಅಳಿದು ಆ ಒಂದಕ್ಷರವು ಉಳಿಯುತ್ತದೆ. ಆ ಕ್ಷಣದಲ್ಲಿ ಕಂಡರೆ ಕಂಟ್ರೋಲ್ ಮತ್ತು ‘ಝಡ್’ ಕೀಲಿಗಳು ಅದನ್ನು ಮರಳಿ ತರುತ್ತವೆ. ಕಡತವನ್ನು ಮುಚ್ಚಿದ ಮೇಲೆ ಹಿಂದಿನ ಪ್ರತಿಗಳನ್ನು ಉಳಿಸಿಕೊಂಡಿದ್ದರೆ ಮಾತ್ರ ದಾರಿಯುಂಟು. ಲಿಪಿಕಾರನ ತಪ್ಪಿಗೆ ಒಂದು ತರ್ಕವಿರುತ್ತದೆ: ಒಂದೇ ಬಗೆಯ ಎರಡು ಪದಗಳ ನಡುವೆ ಅವನ ಕಣ್ಣು ಜಾರುತ್ತದೆ, ಸಮಾನವಾದ ಪ್ರಾಸ ಅವನನ್ನು ದಾರಿ ತಪ್ಪಿಸುತ್ತದೆ. ಬಾಣವು ಎಲ್ಲಿ ನಿಂತಿತ್ತೋ ಅಲ್ಲಿ ಬೀಳುವ ಈ ತಪ್ಪಿಗೆ ಅಂತಹ ತರ್ಕವಿಲ್ಲದಿರುವುದರಿಂದ ಊಹೆಯಿಂದ ಅದನ್ನು ಹಿಡಿಯಲಾಗದು. ಮೇಲೆ ಹೇಳಿದ ವಿದ್ಯಾರ್ಥಿಯ ಕಡತವನ್ನು ಮೊದಲಿನಿಂದ ಕೊನೆಯವರೆಗೆ, ಒಬ್ಬರು ಮೂಲವನ್ನು ಓದುತ್ತ ಇನ್ನೊಬ್ಬರು ಪರದೆಯನ್ನು ನೋಡುತ್ತ ಮತ್ತೆ ಹೋಲಿಸಬೇಕಾಯಿತು.