ಶಸ್ತ್ರಚಿಕಿತ್ಸೆಯ ನಂತರ ಉದುರುವ ಕೂದಲು: ಮಿರಜಿನಿಂದ ಒಂದು ಟಿಪ್ಪಣಿ

ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಬಂದ ಗಾಡಿ ಮಿರಜ ಜಂಕ್ಷನ್ನಿನಲ್ಲಿ ನಿಂತಾಗ ಇಳಿಯುವವರ ಕೈಗಳನ್ನು ಗಮನಿಸಿರಿ. ಎಕ್ಸರೇ ಲಕೋಟೆ ಹಿಡಿದವರು ಅವರಲ್ಲಿ ಇದ್ದೇ ಇರುತ್ತಾರೆ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಇಲ್ಲಿ ಆಸ್ಪತ್ರೆಯನ್ನು ಆರಂಭಿಸಿದ ಕಾಲದಿಂದ ಅಥಣಿ, ರಾಯಬಾಗ, ಚಿಕ್ಕೋಡಿ, ಜತ್ತ ಕಡೆಯ ಕನ್ನಡಿಗರಿಗೆ ‘ದೊಡ್ಡ ದವಾಖಾನೆ’ ಎಂದರೆ ಮಿರಜವೇ. ಆದರೆ ರೋಗಿಯ ಭಾಷೆ ಕನ್ನಡ, ವೈದ್ಯರು ಕೊಡುವ ಕಾಗದದ ಭಾಷೆ ಇಂಗ್ಲಿಷು, ಅದನ್ನು ವಿವರಿಸುವ ದಾದಿಯ ಭಾಷೆ ಮರಾಠಿ. ಈ ಮೂರರ ನಡುವೆ ನಿಂತು ಅತ್ತ ಇತ್ತ ತಿರುಗಿ ಮಾತು ದಾಟಿಸುವ ಕೆಲಸ ಹೆಚ್ಚಾಗಿ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಆ ಕೆಲಸದಲ್ಲಿ ನಾನು ಎಡವಿದ ಒಂದು ಪ್ರಸಂಗವೇ ಈ ಲೇಖನಕ್ಕೆ ಕಾರಣ.

ಅಥಣಿ ತಾಲೂಕಿನಲ್ಲಿರುವ ನನ್ನ ಅಣ್ಣನ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಸಕ್ಕರೆ ಕಾಯಿಲೆ ಮತ್ತು ಅತಿತೂಕದ ಕಾರಣದಿಂದ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಿಡುಗಡೆಯ ಕಾಗದವನ್ನು ಓದಿ ಹೇಳಿದವನು ನಾನೇ. ಗುಳಿಗೆಗಳ ಹೆಸರು, ಮರುಭೇಟಿಯ ದಿನ ಇಷ್ಟನ್ನು ಕನ್ನಡಿಸಿದೆ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಒಂದು ಸಾಲನ್ನು, ಮೂರನೆಯ ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯವೆಂಬುದನ್ನು, ಮಹತ್ವದ್ದಲ್ಲವೆಂದು ಬಿಟ್ಟುಬಿಟ್ಟೆ. ಐದನೆಯ ತಿಂಗಳಲ್ಲಿ ವೈನಿ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದಿಟ್ಟರು. ತುಂಬ ಕೂದಲಿತ್ತು. “ಮಾಸ್ತರ, ತಲಿ ಬೋಳ ಆಗಾಕತ್ತೈತಿ. ಬ್ಯಾರೆ ದೊಡ್ಡ ರೋಗ ಏನಾರ ಇದ್ದು ನೀವೆಲ್ಲಾ ಮುಚ್ಚಿಟ್ಟೀರೇನ?” ಎಂದರು. ಎರಡು ತಿಂಗಳು ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಂಡಿದ್ದರಿಂದ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅರ್ಬುದ ರೋಗವೇ ಇರಬೇಕೆಂದು ಅವರು ಒಳಗೊಳಗೆ ತೀರ್ಮಾನಿಸಿಬಿಟ್ಟಿದ್ದರು.

ಅಂದು ನಾನು ಅವರಿಗೆ ಹೇಳಬೇಕಾಗಿದ್ದುದು ಹೀಗಿದೆ.

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದು ಕೂದಲಿಗೂ ತನ್ನದೇ ಆದ ಆಯುಷ್ಯವುಂಟು. ಎರಡರಿಂದ ಆರು ವರ್ಷ ಅದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ ಮೂರು ತಿಂಗಳಷ್ಟು ವಿಶ್ರಾಂತಿಯಲ್ಲಿರುತ್ತದೆ. ಆಮೇಲೆ ಉದುರುತ್ತದೆ, ಅದೇ ಕುಳಿಯಿಂದ ಹೊಸದು ಏಳುತ್ತದೆ. ಯಾವುದೇ ದಿನ ನೋಡಿದರೂ ನೂರರಲ್ಲಿ ಹತ್ತು ಕೂದಲು ವಿಶ್ರಾಂತಿಯಲ್ಲಿರುತ್ತವೆ. ಹತ್ತು ಸಾವಿರ ಕೂದಲು ನೂರು ದಿನಗಳಲ್ಲಿ ಉದುರಬೇಕೆಂದರೆ ದಿನಕ್ಕೆ ನೂರಾಯಿತು. ಆರೋಗ್ಯವಂತರ ಬಾಚಣಿಗೆಯಲ್ಲಿ ಕಾಣುವ ಲೆಕ್ಕ ಇದೇ.

ಶರೀರಕ್ಕೆ ದೊಡ್ಡ ಆಘಾತವಾದಾಗ ಈ ಲೆಕ್ಕ ತಪ್ಪುತ್ತದೆ. ಕೂದಲಿನ ಬುಡದ ಜೀವಕೋಶಗಳು ಶರೀರದಲ್ಲಿ ಅತ್ಯಂತ ಬೇಗ ವಿಭಜಿಸುವ ಕೋಶಗಳಲ್ಲಿ ಸೇರಿವೆ. ಅವುಗಳಿಗೆ ಸಾರ ಬಹಳ ಬೇಕು. ಜತ್ತ ತಾಲೂಕಿನ ರೈತ ಬರಗಾಲದಲ್ಲಿ ಇದ್ದ ನೀರನ್ನು ಮೊದಲು ಮನೆಗೆ, ದನಕರುಗಳಿಗೆ ಕೊಡುತ್ತಾನೆಯೇ ಹೊರತು ಬೇಲಿಯ ಬದಿಯ ಚೆಂಡುಹೂವಿಗೆ ಹಾಕುವುದಿಲ್ಲ. ಅರಿವಳಿಕೆ, ಕೊಯ್ತ, ಒಮ್ಮೆಲೆ ಇಳಿದ ಆಹಾರ, ವಾರವಾರಕ್ಕೂ ಕರಗುವ ತೂಕ ಇವೆಲ್ಲ ಶರೀರದ ಪಾಲಿಗೆ ಬರಗಾಲವೇ. ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಗುಂಪೊಂದು ಏಕಕಾಲಕ್ಕೆ ವಿಶ್ರಾಂತಿಗೆ ಇಳಿಯುತ್ತದೆ. ನೂರಕ್ಕೆ ಹತ್ತಿದ್ದದ್ದು ಮೂವತ್ತಾದರೆ ದಿನಕ್ಕೆ ನೂರು ಉದುರುವಲ್ಲಿ ಮುನ್ನೂರು ಉದುರುತ್ತವೆ. ಆದರೆ ಅವು ಉದುರುವುದು ವಿಶ್ರಾಂತಿಯ ಮೂರು ತಿಂಗಳು ಮುಗಿದ ಮೇಲೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ಅಂತರವಿರುವುದರಿಂದಲೇ ಜನ ನಿನ್ನೆ ಬದಲಿಸಿದ ಸಾಬೂನನ್ನು, ಮೊನ್ನೆ ಮಿಂದ ಬೋರಿನ ನೀರನ್ನು ದೂರುತ್ತಾರೆ. 1961ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಅಮೆರಿಕದ ಚರ್ಮವೈದ್ಯರು ಈ ಪ್ರಕ್ರಿಯೆಯನ್ನು ವಿವರಿಸಿ ಟೆಲೋಜೆನ್ ಎಫ್ಲುವಿಯಂ ಎಂದು ಹೆಸರಿಟ್ಟರು. ಹೆಸರು ಹೊಸದು, ಅನುಭವ ಹಳೆಯದು. ಬಾಣಂತಿಗೆ ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುವುದನ್ನೂ ವಿಷಮಜ್ವರದಿಂದ ಎದ್ದವರ ತಲೆ ತೆಳುವಾಗುವುದನ್ನೂ ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರು.

ಇಲ್ಲಿ ಭಾಷೆಯೂ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಉದುರಿದ ಕೂದಲಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಬಿಳಿಯ ಗುಂಡು ಕಾಣುತ್ತದೆ. ಅದನ್ನು ನೋಡಿ ‘ಬೇರುಸಹಿತ ಕಿತ್ತು ಬಂತು’ ಎನ್ನುತ್ತೇವೆ. ಬೇರು ಕಿತ್ತ ಗಿಡ ಮತ್ತೆ ಚಿಗುರದೆಂಬ ಅರ್ಥ ಆ ಮಾತಿಗೆ ತಾನಾಗಿ ಅಂಟಿಕೊಳ್ಳುತ್ತದೆ. ನಿಜಕ್ಕೂ ಅದು ಬೇರಲ್ಲ, ವಿಶ್ರಾಂತಿಯಲ್ಲಿದ್ದ ಕೂದಲಿನ ಒಣಗಿದ ಬುಡ. ಹೊಸ ಕೂದಲನ್ನು ಹುಟ್ಟಿಸುವ ಕುಳಿ ಚರ್ಮದೊಳಗೆ ಹಾಗೆಯೇ ಇರುತ್ತದೆ. ಉದುರು ಎಂಬ ನಮ್ಮ ಧಾತು ಹಣ್ಣೆಲೆಗೂ ಒಪ್ಪುವ ಮಾತಾದ್ದರಿಂದ ಅದೇ ಹೆಚ್ಚು ಸತ್ಯಕ್ಕೆ ಹತ್ತಿರ. ನಾನು ಓದಿದ ಶಾಲೆಯಲ್ಲಿ ಬೆಳಿಗ್ಗೆ ಮರಾಠಿ, ಮಧ್ಯಾಹ್ನ ಕನ್ನಡ ಇದ್ದುದರಿಂದ ಇಂಥ ಪದಗಳು ಜೋಡಿಯಾಗಿಯೇ ನೆನಪಿಗೆ ಬರುತ್ತವೆ. ಮರಾಠಿಯಲ್ಲಿ ಕೂದಲು ‘ಗಳ’ತದೆ, ನಲ್ಲಿಯ ನೀರೂ ‘ಗಳ’ತದೆ. ಹಳಗನ್ನಡದಲ್ಲಿಯೂ ಕೂದಲಿಗೆ ಸೋರುವ ಕ್ರಿಯೆ ಉಂಟು: ಸೋರ್ಮುಡಿ. ಆದರೆ ನಮ್ಮ ಕವಿಗಳಿಗೆ ಸೋರುವುದು ಇಳಿಬಿಟ್ಟ ಮುಡಿಯ ಚೆಲುವು, ಮರಾಠಿಯ ನಿತ್ಯವ್ಯವಹಾರದಲ್ಲಿ ಅದು ನಷ್ಟ. ಒಂದೇ ರೂಪಕ ಗಡಿಯ ಎರಡು ಬದಿಗಳಲ್ಲಿ ಎರಡು ಮುಖವಾಯಿತು.

ಕೂದಲು ಹೋದರೆ ಜೀವವೇನೂ ಹೋಗದೆಂದು ಹೇಳುವ ಗಂಡಸರಿಗೆ ನಮ್ಮ ಪಠ್ಯಗಳೇ ಉತ್ತರ ಹೇಳಿಯಾವು. ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಕಟ್ಟಲ್ಪಡುವುದು ಯುದ್ಧ ಮುಗಿದಾಗಲೇ. ಎಂ. ಕೆ. ಇಂದಿರಾ ಅವರ ಫಣಿಯಮ್ಮ ಕಾದಂಬರಿಯಲ್ಲಿ ತಲೆ ಬೋಳಿಸುವುದೆಂದರೆ ಬಾಲವಿಧವೆಯೊಬ್ಬಳ ಬಾಳಿನ ಬಾಗಿಲು ಮುಚ್ಚುವುದೇ ಆಗಿದೆ. ತಿರುಪತಿಗೆ ಹೋಗಿ ತಾನಾಗಿ ಮುಡಿ ಕೊಟ್ಟು ಬಂದವಳು ಹೆಮ್ಮೆಯಿಂದ ಓಡಾಡುತ್ತಾಳೆ. ಕೇಳದೆ ಹೋದ ಕೂದಲಿಗೆ ಮುತ್ತೈದೆಯ ಎದೆ ನಡುಗುತ್ತದೆ. ವೈನಿಯ ಭಯದಲ್ಲಿ ರೋಗದ ಪಾಲೆಷ್ಟು, ಈ ಹಳೆಯ ಅರ್ಥಗಳ ಪಾಲೆಷ್ಟು ಎಂದು ನಾನು ಬೇರ್ಪಡಿಸಲಾರೆ.

ಇನ್ನು ಉಪಾಯದ ಮಾತು. ಈ ಚಿಕಿತ್ಸೆಯ ಒಂದು ವಿಧದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಬಾಳೆಹಣ್ಣಿನಾಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಇನ್ನೊಂದು ವಿಧದಲ್ಲಿ ಸಣ್ಣ ಕರುಳಿನ ಮೊದಲ ಭಾಗವನ್ನು ಬಳಸಿಕೊಂಡು ಹೋಗುವಂತೆ ಅನ್ನದ ದಾರಿಯನ್ನೇ ತಿರುಗಿಸುತ್ತಾರೆ. ಕಬ್ಬಿಣಾಂಶ ಬಹುಪಾಲು ಹೀರಲ್ಪಡುವುದು ಆ ಮೊದಲ ಭಾಗದಲ್ಲಿಯೇ. ಬಿ 12 ಜೀವಸತ್ವವನ್ನು ಹೀರಲು ಜಠರದ ಸ್ರಾವವೊಂದು ಬೇಕು, ಅದೂ ಕಡಿಮೆಯಾಗಿರುತ್ತದೆ. ಆದ್ದರಿಂದ ಗುಳಿಗೆಗಳು ನಾಲ್ಕು ದಿನದ ಔಷಧಿಯಲ್ಲ, ಜೀವನಪೂರ್ತಿಯ ಆಹಾರದ ಭಾಗ. ವೈನಿ ಇಲ್ಲಿಯೇ ತಪ್ಪಿದ್ದರು. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಯಿತು, ಮಲಬದ್ಧತೆಯಾಯಿತು ಎಂದು ಅದನ್ನು ನಿಲ್ಲಿಸಿ, ಆ ಹಣದಲ್ಲಿ ಪೇಟೆಯ ದುಬಾರಿ ಎಣ್ಣೆಯ ಶೀಸೆ ಕೊಂಡಿದ್ದರು. ಎಣ್ಣೆಯಿಂದ ಕೂದಲು ನುಣುಪಾದೀತು, ಕುಳಿಗೆ ಕಬ್ಬಿಣ ತಲುಪದು. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್, ಎಂದರೆ ಶರೀರದ ಕಬ್ಬಿಣದ ಕಣಜದ ಅಳತೆ, ತೀರ ಇಳಿದಿತ್ತು. ವೈದ್ಯರು ಗುಳಿಗೆಯ ಬಗೆಯನ್ನು ಬದಲಿಸಿಕೊಟ್ಟರು. ಚಹದೊಂದಿಗೆ ಅದನ್ನು ನುಂಗಬಾರದು, ಸುಣ್ಣಾಂಶದ ಗುಳಿಗೆಗೂ ಅದಕ್ಕೂ ಕನಿಷ್ಠ ಎರಡು ತಾಸಿನ ಅಂತರವಿರಬೇಕು ಎಂದರು. ಈ ಎರಡು ತಾಸಿನ ಮಾತೂ ಹಿಂದಿನ ಕಾಗದದಲ್ಲಿತ್ತು. ನಾನು ಅದನ್ನೂ ಹೇಳಿರಲಿಲ್ಲ.

ಕೂದಲು ಕಟ್ಟಿರುವುದೇ ಪ್ರೋಟೀನಿನಿಂದ. ಈ ಚಿಕಿತ್ಸೆಯಾದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸೂಚನೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅಂಗೈಯಷ್ಟು ಜಠರದಲ್ಲಿ ಅರವತ್ತು ಗ್ರಾಂ ಕೂಡಿಸುವುದು ಲೆಕ್ಕಾಚಾರದ ಕೆಲಸ. ನಮ್ಮ ಊಟದ ಕ್ರಮ ಮೊದಲು ರೊಟ್ಟಿ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿ ಪಲ್ಯ ತಾಟಿನಲ್ಲಿ ಉಳಿಯುತ್ತದೆ. ಆ ಕ್ರಮವನ್ನು ತಿರುಗಿಸಬೇಕು: ಮೊದಲು ಮೊಳಕೆ ಬಂದ ಮಡಕಿಕಾಳು, ಹೆಸರುಬೇಳೆ, ಜುಣಕ, ಮೊಸರು, ಪನೀರು, ಒಗ್ಗುವವರಿಗೆ ಮೊಟ್ಟೆ, ಮೀನು, ಜಾಗವಿದ್ದರೆ ಆಮೇಲೆ ರೊಟ್ಟಿ. ವೈದ್ಯರು ಒಪ್ಪಿದರೆ ಪ್ರೋಟೀನಿನ ಪುಡಿಯೂ ಆದೀತು.

ಕೂದಲಿಗೆಂದು ಮಾರುವ ಬಯೋಟಿನ್ ಗುಳಿಗೆಯ ವಿಷಯದಲ್ಲಿ ಎಚ್ಚರವಿರಲಿ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಕಡಿಮೆ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು. ಸತುವನ್ನು ಅತಿಯಾಗಿ ನುಂಗಿದರೆ ತಾಮ್ರದ ಕೊರತೆಯಾಗುತ್ತದೆ. ಪರೀಕ್ಷೆ ಮೊದಲು, ಗುಳಿಗೆ ಆಮೇಲೆ.

ಉದುರುವ ಆ ತಿಂಗಳುಗಳನ್ನು ಕಳೆಯುವುದೂ ಒಂದು ಕಲೆ. ತಲೆ ತೊಳೆದರೆ ಕೂದಲು ಹೋಗುತ್ತದೆಂದು ಹಲವರು ಮೀಯುವುದನ್ನೇ ಬಿಡುತ್ತಾರೆ. ನೀರಿಗೆ ಬೀಳುವುದು ಎಂದಿದ್ದರೂ ಬೀಳಬೇಕಾದ ಕೂದಲೇ. ವಾರ ತಡೆದರೆ ವಾರದ್ದೆಲ್ಲ ಒಮ್ಮೆಲೆ ಬಂದು ಹೆದರಿಸುತ್ತದೆ. ಅಗಲ ಹಲ್ಲಿನ ಬಾಚಣಿಗೆ, ಸಡಿಲ ಹೆರಳು ಸಾಕು. ತುರುಬು ದಪ್ಪ ಕಾಣಲೆಂದು ಚೌರಿ ಕಟ್ಟುವವರು, ಮರಾಠಿಯಲ್ಲಿ ಗಂಗಾವನ ಎನ್ನುವುದು ಇದನ್ನೇ, ಅದರ ಭಾರ ಉಳಿದ ಕೂದಲನ್ನು ಜಗ್ಗದಂತೆ ನೋಡಿಕೊಳ್ಳಬೇಕು. ಬಾಲಗಂಧರ್ವರ ಹೆಸರಿನ ನಾಟ್ಯಗೃಹವಿರುವ ಊರಿನಲ್ಲಿ, ಗಂಡಸರೇ ಕೃತಕ ಮುಡಿ ಧರಿಸಿ ನಾಯಕಿಯರಾಗಿ ಮೆರೆದ ನಾಡಿನಲ್ಲಿ, ಕೃತಕ ಕೂದಲಿಗೆ ನಾಚಬೇಕಾದುದಿಲ್ಲ. ವೈನಿ ಆ ಚೀಲದ ಕೂದಲನ್ನು ಪಾತ್ರೆಯವನಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡರು. ಹಾಗೆ ಊರೂರು ಸುತ್ತಿ ಕೂಡಿಸಿದ ಕೂದಲನ್ನು ಹಸನುಮಾಡುವ ದೊಡ್ಡ ಉದ್ಯಮವೇ ಕೊಪ್ಪಳದ ಭಾಗ್ಯನಗರದಲ್ಲಿದೆ.

ಸಾಮಾನ್ಯವಾಗಿ ಈ ಉದುರುವಿಕೆ ಮೂರನೆಯ ನಾಲ್ಕನೆಯ ತಿಂಗಳಲ್ಲಿ ಆರಂಭವಾಗಿ ಸುಮಾರು ಆರು ತಿಂಗಳು ನಡೆದು ನಿಲ್ಲುತ್ತದೆ. ತಲೆ ಪೂರ್ತಿ ಬೋಳಾಗುವುದಿಲ್ಲ. ಆದರೆ ವರ್ಷ ಕಳೆದರೂ ನಿಲ್ಲದಿದ್ದರೆ, ಆರು ತಿಂಗಳ ಮೇಲೆ ಹೊಸದಾಗಿ ಶುರುವಾದರೆ, ನಾಣ್ಯದಂತೆ ದುಂಡಾಗಿ ಬೋಳಾದರೆ, ಹುಬ್ಬೂ ಉದುರಿದರೆ ತಡಮಾಡಬಾರದು. ಜೊತೆಗೆ ಆಯಾಸ, ಪಾದಗಳಲ್ಲಿ ಜುಮುಗುಡುವಿಕೆ ಇದ್ದರೂ ಹಾಗೆಯೇ. ಪದೇ ಪದೇ ವಾಂತಿಯಾಗುತ್ತಿದ್ದರಂತೂ ಕೂದಲಿನ ಮಾತು ಬಿಟ್ಟು ಅಂದೇ ದವಾಖಾನೆಗೆ ಹೋಗಬೇಕು. ಬಿ 1 ಜೀವಸತ್ವದ ಕೊರತೆ ನರಗಳಿಗೆ ಮತ್ತು ಮೆದುಳಿಗೆ ಅಪಾಯಕಾರಿ.

ಇದು ಚಿಕಿತ್ಸೆಯಾದವರ ಮಾತು ಮಾತ್ರವಲ್ಲ. ಮದುವೆ ಗೊತ್ತಾಯಿತೆಂದು ಎರಡು ತಿಂಗಳು ಬರಿಯ ಕಾಕಡಿ ತಿಂದು ಇಳಿಯುವ ಹುಡುಗಿಯರೂ ತೂಕ ಇಳಿಸುವ ಚುಚ್ಚುಮದ್ದಿನವರೂ ಇದೇ ಲೆಕ್ಕಕ್ಕೆ ಬರುತ್ತಾರೆ. ತರಗತಿಯಲ್ಲಿ ಕೆಲವರ ತಾಟು ನೋಡಿಯೇ ಹೇಳುತ್ತಿದ್ದೇನೆ.

ಒಂಬತ್ತನೆಯ ತಿಂಗಳಿಗೆ ವೈನಿಯ ಹಣೆಯಂಚಿನಲ್ಲಿ ಬೆರಳುಗುರಿನಷ್ಟು ಉದ್ದದ ಕೂದಲು ಎದ್ದಿತು. “ಎಣ್ಣಿ ಹಚ್ಚಿದರೂ ಕುಂಡ್ರೂದಿಲ್ಲ ನೋಡ್ರಿ ಮಾಸ್ತರ, ಕರಕಿ ಎದ್ದಂಗ ಎದ್ದಾವು” ಎಂದು ಈಗ ಅದರದೇ ದೂರು. ಅದು ಹಿಂದಿನ ತುರುಬಿನಷ್ಟಾಗಲು ತಿಂಗಳಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ನಾಲ್ಕೈದು ವರ್ಷವಾದೀತೆಂದು ಈ ಸಲ ಮೊದಲೇ ಹೇಳಿದ್ದೇನೆ. ಮುಂದಿನ ರಕ್ತಪರೀಕ್ಷೆಗೆ ಅವರು ಬರುವುದು ದೀಪಾವಳಿಯ ನಂತರ. ಹಳೆಯ ಕಾಗದವನ್ನು ಕೊನೆಯ ಪುಟದ ಸಣ್ಣಕ್ಷರಗಳೂ ಸೇರಿದಂತೆ ಪೂರ್ತಿ ಕನ್ನಡಕ್ಕೆ ಇಳಿಸಿ, ದಪ್ಪಕ್ಷರದಲ್ಲಿ ಬರೆದು, ಅವರ ಗುಳಿಗೆಯ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದೇನೆ.