ಸತ್ತ ಮರಕ್ಕೂ ಕಾಡಿನಲ್ಲಿ ಕೆಲಸವಿದೆ

ತೋಟದಲ್ಲಿ ಮರವೊಂದು ಒಣಗಿತೆಂದರೆ ಕೊಡಲಿ ಹುಡುಕುವುದು ರೂಢಿ. ಸೌದೆಗಾದರೂ ಆಗುತ್ತದಲ್ಲ! ಆದರೆ ಕಾಡಿನ ಮರ ಕಡಿಸಿದ್ದಕ್ಕಾಗಿ ಒಂದು ಸರ್ಕಾರವೇ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು ಎಂದರೆ ನಂಬುತ್ತೀರಾ?

ಅದು ಪೋಲೆಂಡ್ ಮತ್ತು ಬೆಲಾರೂಸ್ ಗಡಿಯಲ್ಲಿರುವ ಬಿಯಾವೊವ್ಯೆಜಾ ಅರಣ್ಯದ ಕಥೆ. ಒಂದಾನೊಂದು ಕಾಲದಲ್ಲಿ ಯೂರೋಪಿನ ಬಯಲುಗಳನ್ನು ಮುಚ್ಚಿದ್ದ ಅಗಲ ಎಲೆಯ ಕಾಡುಗಳು ಹೊಲಗದ್ದೆ, ಊರುಕೇರಿಗಳಿಗೆ ಜಾಗ ಬಿಟ್ಟು ಕರಗಿಹೋದವು. ರಾಜಮಹಾರಾಜರ ಬೇಟೆಯ ತಾಣವಾಗಿದ್ದ ಇದು ಮಾತ್ರ ಉಳಿದುಕೊಂಡಿತು. ಎರಡೂ ದೇಶಗಳಲ್ಲಿ ಹರಡಿರುವ ಸುಮಾರು 1,41,000 ಹೆಕ್ಟೇರ್ ಪ್ರದೇಶ ಇಂದು ವಿಶ್ವ ಪರಂಪರೆಯ ತಾಣ.

ಓಕ್, ಲಿಂಡೆನ್, ಹಾರ್ನ್‌ಬೀಮ್ ಮರಗಳು ಚಳಿಗಾಲದಲ್ಲಿ ಬೋಳಾಗಿ ನಿಲ್ಲುತ್ತವೆ. ಏಪ್ರಿಲ್‌ನಲ್ಲಿ ಅವು ಚಿಗುರುವ ಮುನ್ನ ನೆಲಕ್ಕೆ ಬಿಸಿಲು ತಾಕುವುದು ಕೆಲವೇ ವಾರ. ಅಷ್ಟರಲ್ಲೇ ಅನಿಮೋನ್ ಗಿಡಗಳು ಬಿಳಿಯ ಹೂಗಳ ಜಮಖಾನೆ ಹಾಸಿ, ವರ್ಷದ ಸಂಪಾದನೆ ಮುಗಿಸಿಬಿಡುತ್ತವೆ. ಶರತ್ಕಾಲದಲ್ಲಿ ಉದುರಿದ ಎಲೆಗಳನ್ನು ಎರೆಹುಳು, ಅಣಬೆಗಳು ಗೊಬ್ಬರವಾಗಿಸುತ್ತವೆ.

ಇನ್ನು ಸತ್ತ ಮರ? ಅದೊಂದು ಛತ್ರವಿದ್ದಂತೆ. ಮೊದಲು ತೊಗಟೆ ಕೊರೆಯುವ ದುಂಬಿಗಳು ಬರುತ್ತವೆ. ಅವನ್ನು ಹುಡುಕಿಕೊಂಡು ಮರಕುಟಿಗ. ಅದು ಕೊರೆದು ಬಿಟ್ಟ ಪೊಟರೆಯಲ್ಲಿ ಬೇರೆ ಹಕ್ಕಿಗಳ ಸಂಸಾರ. ಕೊಳೆತ ದಿಮ್ಮಿಯ ಮೇಲೆ ಹೊಸ ಸಸಿಗಳ ತೊಟ್ಟಿಲು. ಈ ಕಾಡಿನಲ್ಲಿ 59 ಬಗೆಯ ಸಸ್ತನಿಗಳು, 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, 12,000ಕ್ಕೂ ಮಿಕ್ಕಿದ ಅಕಶೇರುಕಗಳಿರುವುದರ ಗುಟ್ಟುಗಳಲ್ಲಿ ಇದೂ ಒಂದು.

ನಮ್ಮ ಕಾಟಿಯ ನೆಂಟನಾದ ಯೂರೋಪಿನ ಬೈಸನ್ ಇಲ್ಲಿನ ಹಿರಿಯಣ್ಣ. 1919ರಲ್ಲಿ ಈ ಕಾಡಿನ ಕೊನೆಯ ಬೈಸನ್ ಕೂಡ ಹತವಾಯಿತು. ಮೃಗಾಲಯಗಳಲ್ಲಿ ಉಳಿದವುಗಳ ಸಂತತಿ ಬೆಳೆಸಿ, 1952ರಲ್ಲಿ ಮತ್ತೆ ಇಲ್ಲಿ ಬಿಡಲಾಯಿತು. ಇಂದು ಜಗತ್ತಿನಲ್ಲಿರುವ ಯೂರೋಪಿನ ಬೈಸನ್‌ಗಳೆಲ್ಲ ಕೇವಲ 12 ಪೂರ್ವಜರ ವಂಶ!

2016ರಲ್ಲಿ ತಗಾದೆ ಶುರುವಾಯಿತು. ದುಂಬಿಯ ಹಾವಳಿಗೆ ಸ್ಪ್ರೂಸ್ ಮರಗಳು ಸಾಯುತ್ತಿವೆ, ಕಡಿಯದಿದ್ದರೆ ಪಿಡುಗು ಹಬ್ಬುತ್ತದೆ ಎಂದು ಪೋಲೆಂಡ್ ಸರ್ಕಾರ ಕಡಿತದ ಮಿತಿಯನ್ನು ಸುಮಾರು ಮೂರು ಪಟ್ಟು ಏರಿಸಿತು. ಸ್ಪ್ರೂಸ್ ಸತ್ತಲ್ಲಿ ಬೆಳಕು ಬಿದ್ದು ಬೇರೆ ಸಸಿಗಳು ಏಳುತ್ತವೆ, ಕಾಡು ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತದೆ ಎಂಬುದು ವಿರೋಧಿಸಿದ ವಿಜ್ಞಾನಿಗಳ ವಾದ. ಕಡಿತ ನಿಲ್ಲಿಸದಿದ್ದರೆ ದಿನಕ್ಕೆ ಕನಿಷ್ಠ 1 ಲಕ್ಷ ಯೂರೋ ದಂಡವೆಂದು ಯೂರೋಪಿನ ನ್ಯಾಯಾಲಯ 2017ರಲ್ಲಿ ಎಚ್ಚರಿಸಿತು. 2018ರ ಏಪ್ರಿಲ್‌ನಲ್ಲಿ ಈ ಕಡಿತವೇ ಕಾನೂನುಬಾಹಿರ ಎಂದು ತೀರ್ಪಿತ್ತಿತು.

ಅಲ್ಲಿಗೆ ಆತಂಕ ಮುಗಿಯಲಿಲ್ಲ. ವಲಸಿಗರನ್ನು ತಡೆಯಲು 2022ರಲ್ಲಿ ಪೋಲೆಂಡ್ ಗಡಿಯಲ್ಲಿ ಕಟ್ಟಿದ 5.5 ಮೀಟರ್ ಎತ್ತರದ ಉಕ್ಕಿನ ಬೇಲಿ ಈ ಕಾಡನ್ನೂ ಸೀಳಿದೆ. ತೋಳ, ಬೈಸನ್‌ಗಳಿಗೆ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

ತೋಟದ ಶಿಸ್ತು ಬೇರೆ, ಕಾಡಿನ ಶಿಸ್ತು ಬೇರೆ. ಮುಂದಿನ ಬಾರಿ ಮಕ್ಕಳೊಡನೆ ಕಾಡಿಗೆ ಹೋದಾಗ, ದಾರಿ ಬದಿಯ ಕೊಳೆತ ದಿಮ್ಮಿಯ ಬಳಿ ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಅದರಲ್ಲಿ ಎಷ್ಟು ಜೀವಗಳಿವೆಯೆಂದು ಮಕ್ಕಳೇ ಎಣಿಸಿ ಹೇಳುತ್ತಾರೆ.